ಐವತ್ತರ ಭುಜ

ಶುರುವಾಗಿದ್ದು ಜಡೆಯಿಂದ. ಹೋದ ವರ್ಷ ಯುಗಾದಿ ಆಸುಪಾಸು ಇರಬೇಕು, ಆಫೀಸಿಗೆ ಹೊರಡೋ ಗಡಿಬಿಡೀಲಿ ಕೂದಲು ಹಿಂದಕ್ಕೆ ಸೇರಿಸಿ ಕ್ಲಿಪ್ ಹಾಕೋಣ ಅಂತ ಬಲಗೈ ಎತ್ತಿದೆ, ಕೈ ಕಿವಿ ತನಕ ಬಂತು, ಅಲ್ಲೇ ನಿಂತ್ಕೊಂಡ್ತು. ಮೇಲಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಯಾರೋ ಒಳಗಿಂದ ಚಿಲಕ ಹಾಕಿದ ಹಾಗೆ. ಭುಜದ ನೋವು ಅದಕ್ಕೂ ಎರಡು ಮೂರು ತಿಂಗಳ ಹಿಂದಿಂದ ಇತ್ತು, ರಾತ್ರಿ ಬಲಮಗ್ಗುಲಿಗೆ ಹೊರಳಿದ್ರೆ ಎಚ್ಚರ ಆಗೋದು, ಮೌಸ್ ಹಿಡಿದೂ ಹಿಡಿದೂ ಹೀಗೆ ಅಂತ ನಾನೇ ತೀರ್ಪು ಕೊಟ್ಕೊಂಡು ಮುಲಾಮು ತಿಕ್ಕೊಂಡು ಓಡಾಡ್ತಿದ್ದೆ. ಆವತ್ತಿಂದ ಬ್ಲೌಸಿನ ಹುಕ್ಕು, ಬಸ್ಸಲ್ಲಿ ಮೇಲಿನ ಹಿಡಿ, ಅಡುಗೆಮನೆ ಶೆಲ್ಫಿನ ತುದೀಲಿರೋ ಸಾರಿನಪುಡಿ ಡಬ್ಬ, ಎಲ್ಲಾ ಎಡಗೈ ಪಾಲಾಯ್ತು. ಯಾರಾದ್ರೂ ನಂಬಿಸಿ ಬಿಟ್ಟುಹೋದ್ರೆ ಕೈಕೊಟ್ರು ಅಂತೀವಿ, ಕೈನೇ ಕೈಕೊಟ್ರೆ ಏನನ್ಬೇಕೋ ನನಗೆ ಗೊತ್ತಿಲ್ಲ.

ನಾವಿರೋದು ಸಿಂಗಪುರದಲ್ಲಿ. ಆಫೀಸಲ್ಲಿ ಪಕ್ಕದ ಸೀಟಿನ ಚೀನೀ ಗೆಳತಿ ನಾನು ಜಾಕೆಟ್ ಹಾಕ್ಕೊಳೋ ಪಾಡು ನೋಡಿ ನಕ್ಬಿಟ್ಲು. "ನಿಂಗೆ ವಯಸ್ಸೆಷ್ಟು?" ಐವತ್ತೊಂದು ಅಂದೆ. "ಸರಿಯಾದ ಟೈಮಿಗೇ ಬಂದಿದೆ ಬಿಡು. ನಮ್ಮಲ್ಲಿ ಇದಕ್ಕೆ ವೂಶಿಜಿಯಾನ್ ಅಂತೀವಿ. ಐವತ್ತರ ಭುಜ." ಕಾಯಿಲೆಗೆ ನನ್ನ ವಯಸ್ಸಿನ ಹೆಸರೇ ಇರೋದು ಕೇಳಿ ಅದ್ಯಾಕೋ ಸಮಾಧಾನ ಆಯ್ತು. ಇಂಗ್ಲಿಷಿನ ಫ್ರೋಝನ್ ಶೋಲ್ಡರ್ ಅನ್ನೋ ಹೆಸರು 1934ರಲ್ಲಿ ಬಾಸ್ಟನ್ನಿನ ಕಾಡ್‌ಮನ್ ಅನ್ನೋ ಸರ್ಜನ್ ಇಟ್ಟಿದ್ದು. ಅದನ್ನ ಕೇಳಿದ್ರೆ ಫ್ರಿಜ್ಜಲ್ಲಿಟ್ಟು ಮರೆತ ಬಟಾಣಿ ನೆನಪಾಗುತ್ತೆ.

ಅಷ್ಟೊತ್ತಿಗೆ ಒಬ್ರು ಮೂಳೆ ಡಾಕ್ಟ್ರಿಗೆ ತೋರಿಸಿ ಆಗಿತ್ತು. ಎಕ್ಸ್‌ರೇ, ಕೈ ಎತ್ತಿಸಿ ನೋಡಿದ್ದು, ಬರೆದಿದ್ದು, ಎಲ್ಲಾ ಸೇರಿ ಏಳೆಂಟು ನಿಮಿಷ. "ಒಂದರಿಂದ ಮೂರು ವರ್ಷ ಆಗುತ್ತೆ, ತಾನಾಗೇ ಬಿಟ್ಕೊಳುತ್ತೆ. ನೋವಿಗೆ ಮಾತ್ರೆ ತಗೊಳಿ, ಫಿಸಿಯೋ ಮಾಡ್ಸಿ." ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇಂಥಾ ಕಥೆಗಳಲ್ಲಿ ಅಲೋಪತಿ ಡಾಕ್ಟ್ರನ್ನ ಯಾವಾಗ್ಲೂ ವಿಲನ್ ಮಾಡೋದು ನೋಡಿ ನನಗೆ ಬೇಜಾರಾಗಿದೆ. ಆದ್ರೆ ಅವ್ರು ಕೇಳದೇ ಬಿಟ್ಟ ಪ್ರಶ್ನೆ ಒಂದಿತ್ತು. ಅದು ಆಮೇಲೆ.

ಗೆಳತಿ ಕೊಟ್ಟಿದ್ದು ಸೂಜಿ ಚುಚ್ಚಿ ವಾಸಿಮಾಡೋ, ಅಂದ್ರೆ ಅಕ್ಯುಪಂಕ್ಚರ್ ಮಾಡೋ ಚೀನೀ ವೈದ್ಯರೊಬ್ರ ಅಡ್ರೆಸ್ಸು. ತೋವಾ ಪಾಯೋ ಬಡಾವಣೆಯ ಒಂದು ಹಳೇ ಸರ್ಕಾರಿ ವಸತಿ ಬ್ಲಾಕಿನ ಕೆಳಗಡೆ, ಒಂದು ಕಡೆ ಹಣ್ಣಿನಂಗಡಿ ಇನ್ನೊಂದು ಕಡೆ ಕೂದಲು ಕತ್ತರಿಸೋ ಅಂಗಡಿ, ನಡುವೆ ಇವ್ರದ್ದು. ಒಳಗೆ ಹೋದ್ರೆ ನಮ್ಮ ಗ್ರಂಧಿಗೆ ಅಂಗಡಿ ಥರಾನೇ ಗೋಡೆ ತುಂಬಾ ಸಣ್ಣ ಸಣ್ಣ ಮರದ ಡ್ರಾಯರು, ಅದೇ ಬೇರು ನಾರಿನ ವಾಸನೆ. ಗೋಡೆ ಮೇಲೆ ಸರ್ಕಾರದ ಸರ್ಟಿಫಿಕೇಟು. ಸಿಂಗಪುರದಲ್ಲಿ ಸೂಜಿ ಹಿಡಿದೋರೆಲ್ಲಾ ವೈದ್ಯರಾಗಕ್ಕಾಗಲ್ಲ, 2000ದಲ್ಲಿ ಇದಕ್ಕಂತಲೇ ಕಾನೂನು ಮಾಡಿ ಎಲ್ಲರನ್ನೂ ರಿಜಿಸ್ಟರ್ ಮಾಡಿಸಿದ್ದಾರೆ. ಅದಕ್ಕಿಂತ ಬಹಳ ಮುಂಚೆ, 1867ರಿಂದಲೇ, ಥಾಂಗ್ ಚಾಯ್ ಅನ್ನೋ ಧರ್ಮಾಸ್ಪತ್ರೆ ಯಾವ ಜಾತಿ ಯಾವ ಧರ್ಮ ಅಂತ ಕೇಳದೆ ಬಡವರಿಗೆ ಪುಕ್ಕಟೆ ಚೀನೀ ಔಷಧಿ ಕೊಡ್ತಾ ಬಂದಿದೆ. ಅಂದ್ರೆ ಈ ಊರಿಗೆ ಇದು ಹೊಸಾ ಫ್ಯಾಷನ್ ಅಲ್ಲ, ಅಜ್ಜಿ ಕಾಲದ್ದು.

ಅಲ್ಲಿ ಎಲ್ರೂ ಅವ್ರನ್ನ ಫಿಜಿಶಿಯನ್ ಅಂತಾರೆ, ನಮ್ಮನೇಲಿ ಮಾತ್ರ ಮೊದಲ ದಿನದಿಂದ ಸೂಜಿ ಮೇಡಂ. ಅರವತ್ತರ ಹತ್ತಿರ ವಯಸ್ಸು, ಕುಳ್ಳಗಿದ್ದಾರೆ, ಹುಟ್ಟಿದ್ದು ಓದಿದ್ದು ಚೀನಾದಲ್ಲಿ, ಇಂಗ್ಲಿಷು ನಾಲ್ಕೇ ನಾಲ್ಕು ಪದ ಒಂದು ವಾಕ್ಯಕ್ಕೆ. ನಾನು ಭುಜ ತೋರಿಸಕ್ಕೆ ಹೋದ್ರೆ ಅವ್ರು ಭುಜದ ಕಡೆ ನೋಡ್ಲೇ ಇಲ್ಲ. ನಿದ್ದೆ ಹೇಗೆ? ಬೆವರು ಎಲ್ಲಿ ಬರುತ್ತೆ? ಮಲ ಗಟ್ಟಿನಾ ತೆಳುವಾ? ಮುಟ್ಟು ನಿಂತಿದೆಯಾ? ಬಿಸಿನೀರು ಬೇಕನ್ಸುತ್ತಾ ತಣ್ಣೀರಾ? ಊಟ ಆದ್ಮೇಲೆ ಹೊಟ್ಟೆ ಭಾರ ಆಗುತ್ತಾ, ಯಾವಾಗ ಸುಸ್ತು, ಬೆಳಿಗ್ಗೇನಾ ಸಾಯಂಕಾಲಾನಾ? ನಾನು "ಮೇಡಂ, ಭುಜ..." ಅಂದ್ರೆ "ಭುಜ ಓಡೋಗಲ್ಲ, ವೆಯ್ಟ್" ಅಂದ್ರು. ಅವ್ರ ಪದ್ಧತೀಲಿ ನಾಲ್ಕು ಪರೀಕ್ಷೆ, ನೋಡೋದು, ಕೇಳಿಸಿಕೊಳ್ಳೋದು ಮತ್ತೆ ವಾಸನೆ ನೋಡೋದು, ಪ್ರಶ್ನೆ ಕೇಳೋದು, ಮುಟ್ಟೋದು. ಕೇಳಿಸಿಕೊಳ್ಳೋದಕ್ಕೂ ವಾಸನೆ ನೋಡೋದಕ್ಕೂ ಚೀನೀ ಭಾಷೇಲಿ ಒಂದೇ ಪದ ಅಂತೆ, ವೆನ್.

ಆಮೇಲೆ ನಾಲಿಗೆ ಚಾಚು ಅಂದ್ರು. ಚಾಚಿದೆ. ಟಾರ್ಚ್ ಹಾಕಿ ನೋಡಿದ್ರು, ಹುಬ್ಬು ಗಂಟು ಹಾಕಿದ್ರು, ಮತ್ತೆ ನೋಡಿದ್ರು. "ಪೊರೆ ಇಲ್ಲ. ಪೂರ್ತಿ ಇಲ್ಲ. ಯಾವಾಗಿಂದ?" ಮುಖ ನೋಡಿದ್ರೆ ಸೀರಿಯಸ್ಸಾಗಿದ್ರು, ನನಗೆ ಒಳಗೊಳಗೇ ನಡುಕ, ಏನು ರೋಗವೋ ಏನೋ ಅಂತ. ಆಮೇಲೆ ಹೊಳೀತು. ಮೇಡಂ, ಬೆಳಿಗ್ಗೆ ಹಲ್ಲುಜ್ಜಿ ನಾಲಿಗೆ ಹೆರೆದಿದ್ದೀನಿ. ಹೆರೆಯೋದು ಅಂದ್ರೆ ಅವ್ರಿಗೆ ಅರ್ಥ ಆಗ್ಲಿಲ್ಲ, ಬೆರಳು ಬಗ್ಗಿಸಿ ತೋರಿಸಿದೆ, ದಿನಾ, ಸಣ್ಣೋಳಿದ್ದಾಗಿಂದ, ನಮ್ಮೂರಲ್ಲಿ ಎಲ್ರೂ. ಮೇಡಂ ಪೆನ್ನು ಕೆಳಗಿಟ್ಟು ಜೋರಾಗಿ ನಕ್ರು. ಅವ್ರಿಗೆ ನಾಲಿಗೆ ಮೇಲಿನ ಪೊರೆ ಅಂದ್ರೆ ಓದೋ ಪುಸ್ತಕ, ದಪ್ಪನಾ ತೆಳುವಾ ಹಳದಿನಾ ಬಿಳಿನಾ ಅಂತ ಅದರಲ್ಲೇ ಹೊಟ್ಟೆ ಕಥೆಯೆಲ್ಲಾ ಇರುತ್ತೆ, ನಾನು ದಿನಾ ಬೆಳಿಗ್ಗೆ ಆ ಪುಸ್ತಕನ ಕೆರೆದು ವಾಶ್‌ಬೇಸಿನ್ನಿಗೆ ಹಾಕಿ ಬರ್ತಿದ್ದೀನಿ. ಮುಂದಿನ ಸಲ ಹೆರೆಯದೆ, ಕಾಫೀನೂ ಕುಡೀದೆ ಬರಬೇಕು ಅಂತ ಆರ್ಡರ್ ಆಯ್ತು. ಎರಡನೇದು ಇನ್ನೂ ಕಷ್ಟ.

ನಾಡಿ ನೋಡಿದ್ದು ಎರಡೂ ಕೈಯಲ್ಲಿ, ಮೂರು ಮೂರು ಬೆರಳಿಟ್ಟು. ನಮ್ಮ ಪಂಡಿತರೂ ಮೂರು ಬೆರಳೇ ಇಡೋದು, ವಾತ ಪಿತ್ತ ಕಫ ಅಂತ. ಇವ್ರಿಗೆ ಎಡಗೈಲಿ ಹೃದಯ, ಲಿವರ್ರು, ಕಿಡ್ನಿ, ಬಲಗೈಲಿ ಶ್ವಾಸಕೋಶ, ಸ್ಪ್ಲೀನು, ಮತ್ತೆ ಕಿಡ್ನಿ. ಇಲ್ಲಿ ಒಂದು ಮಾತು ಗಮನದಲ್ಲಿಡಬೇಕು, ಅವ್ರು ಸ್ಪ್ಲೀನ್ ಅಂದಾಗ ನಮ್ಮ ಬಯಾಲಜಿ ಪುಸ್ತಕದ ಸ್ಪ್ಲೀನ್ ಅಂದ್ಕೊಂಡ್ರೆ ಕೆಟ್ಟಿರಿ. ಅದು ಅಂಗಕ್ಕಿಂತ ಹೆಚ್ಚಾಗಿ ಒಂದು ಖಾತೆ, ಊಟ ಅರಗಿಸೋದು, ಚಿಂತೆ ಮಾಡೋದು, ಮೈಯಲ್ಲಿ ನೀರು ನಿಲ್ಲೋದು, ಮಾಂಸಖಂಡ, ಎಲ್ಲಾ ಆ ಒಂದೇ ಖಾತೆಗೆ ಜಮೆ.

ಕೊನೆಗೆ ಕೇಳಿದ್ದು, "ರಾತ್ರಿ ನೀರು ಕುಡಿಯಕ್ಕೆ ಏಳ್ತೀಯಾ?" ಏಳ್ತೀನಿ ಅಂದೆ, ಎರಡು ಸಲ, ಒಂದೊಂದು ದಿನ ಮೂರು, ಇಲ್ಲಿ ಸೆಕೆ ಅಲ್ವಾ. "ಎದ್ದಾಗ ಟಾಯ್ಲೆಟ್ಟೂ?" ಹೌದು. "ಅಪ್ಪ ಅಮ್ಮನಿಗೆ ಶುಗರ್?" ಅಪ್ಪಂಗಿತ್ತು. ಮೇಡಂ ಒಂದು ಚೀಟಿ ಹರಿದು ಏನೋ ಬರೆದು ಕೊಟ್ರು, ನಾನು ಯಾವುದೋ ಕಷಾಯದ ಹೆಸರು ಅಂದ್ಕೊಂಡೆ. ನೋಡಿದ್ರೆ "ಪಾಲಿಕ್ಲಿನಿಕ್, ಬ್ಲಡ್ ಶುಗರ್, ದಿಸ್ ವೀಕ್" ಅಂತಿತ್ತು. ಐವತ್ತರ ಭುಜ ಬಂದೋರನ್ನ ಶುಗರ್ ಬಗ್ಗೆ ಕೇಳದೆ ಸೂಜಿ ಹಾಕಬಾರದು ಅಂತ ಅವ್ರ ಗುರುಗಳು ಹೇಳ್ತಿದ್ರಂತೆ. ಇದು ಚೀನೀ ಜ್ಞಾನ ಏನಲ್ಲ, ಸಕ್ಕರೆ ಕಾಯಿಲೆ ಇರೋರಿಗೆ ಭುಜ ಹೀಗೆ ಹಿಡ್ಕೊಳೋದು ಬೇರೆಯವ್ರಿಗಿಂತ ಹಲವು ಪಟ್ಟು ಹೆಚ್ಚು ಅಂತ ಮೂಳೆ ಡಾಕ್ಟ್ರುಗಳ ಪುಸ್ತಕದಲ್ಲೇ ಇದೆ. ನನ್ನ ಮೂಳೆ ಡಾಕ್ಟ್ರು ಅವತ್ತು ಭುಜ ನೋಡೋದರಲ್ಲಿ ಬಿಜಿ ಇದ್ರು ಅಷ್ಟೇ.

ರಿಪೋರ್ಟು ಬಂತು. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳೋ ಟೆಸ್ಟಲ್ಲಿ 7.1. ಆರೂವರೆ ದಾಟಿದ್ರೆ ಸಕ್ಕರೆ ಕಾಯಿಲೆ. ಎಷ್ಟು ದಿನದಿಂದ ಇತ್ತೋ ದೇವರಿಗೇ ಗೊತ್ತು. ಚೀನಾದ ಹಳೇ ವೈದ್ಯ ಗ್ರಂಥಗಳಲ್ಲಿ ಇದಕ್ಕೆ ಶಿಯಾವ್‌ಕ ಅನ್ನೋ ಹೆಸರಂತೆ, ಮೈ ಕರಗಿಸೋ ಬಾಯಾರಿಕೆ ಅಂತ ಅರ್ಥ. ನಮ್ಮೋರು ಮೂತ್ರ ನೋಡಿ ಸಿಹಿಮೂತ್ರ ಅಂದ್ರು, ಅವ್ರು ಬಾಯಾರಿಕೆ ನೋಡಿ ಹೆಸರಿಟ್ರು. ನಾನು ಎರಡನ್ನೂ ನೋಡದೆ ಸೆಕೆ ಅಂದ್ಕೊಂಡು ಫ್ರಿಜ್ಜಿನ ಬಾಟಲಿ ಎತ್ತಿ ಕುಡೀತಿದ್ದೆ.

ಸೂಜಿ ವಿಷಯಕ್ಕೆ ಬರ್ತೀನಿ. ಎಲ್ರೂ ಕೇಳೋದು ಅದನ್ನೇ, ನೋವಾಗುತ್ತಾ ಅಂತ. ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳು, ಇದು ಗಟ್ಟಿ ತಂತಿ, ಕಾಲು ಮಿಲಿಮೀಟರ್ ದಪ್ಪ. ಒಂದು ಪ್ಲಾಸ್ಟಿಕ್ ಕೊಳವೇಲಿ ಇಟ್ಟು ಮೇಲಿಂದ ಬೆರಳಲ್ಲಿ ಟಕ್ ಅಂತ ತಟ್ತಾರೆ, ಹೋಗಿದ್ದೇ ಗೊತ್ತಾಗಲ್ಲ. ನನಗೆ ಆಶ್ಚರ್ಯ ಆಗಿದ್ದು ಚುಚ್ಚೋದಲ್ಲ, ಅಳೆಯೋದು. ಮೊಣಕಾಲ ಕೆಳಗೆ ಒಂದು ಜಾಗ ಹುಡುಕಬೇಕಿತ್ತು. ಮೇಡಂ ಸ್ಕೇಲೂ ತಗೊಳ್ಲಿಲ್ಲ, ತಮ್ಮ ಬೆರಳೂ ಇಡ್ಲಿಲ್ಲ, ನನ್ನ ಎಡಗೈಯನ್ನೇ ಹಿಡಿದು ನಾಲ್ಕು ಬೆರಳು ಜೋಡಿಸಿ ನನ್ನ ಕಾಲ ಮೇಲೇ ಅಡ್ಡ ಇಟ್ರು. ನನ್ನ ಹೆಬ್ಬೆರಳ ಗಿಣ್ಣಿನ ಅಗಲ ಒಂದು ತ್ಸುನ್, ನಾಲ್ಕು ಬೆರಳು ಸೇರಿದ್ರೆ ಮೂರು ತ್ಸುನ್. ನನ್ನ ಮೈಗೆ ನನ್ನ ಬೆರಳೇ ಅಳತೆ, ನಿಮ್ಮ ಮೈಗೆ ನಿಮ್ಮದು. ನಮ್ಮಲ್ಲೂ ಗೇಣು ಮೊಳ ಇದ್ವಲ್ಲ, ಈಗ ಹೂವಿಗೆ ಮಾತ್ರ ಉಳಿದಿದೆ, ಅದರಲ್ಲೂ ಹೂವಾಡಗಿತ್ತಿ ಕೈ ಮೋಟಾದ್ರೆ ಮೊಳವೂ ಮೋಟು ಅಂತ ಅಮ್ಮ ಉದ್ದಕೈಯೋಳನ್ನ ಹುಡುಕಿಕೊಂಡು ಹೋಗ್ತಿದ್ಲು. ಇಲ್ಲಿ ಆ ಮೋಸಕ್ಕೆ ಜಾಗ ಇಲ್ಲ. ಹೋಲಿಸ್ಟಿಕ್, ಅಂದ್ರೆ ಇಡೀ ಮನುಷ್ಯನನ್ನ ಒಟ್ಟಿಗೆ ನೋಡೋ ವೈದ್ಯ ಅನ್ನೋದು ಏನೋ ಮಬ್ಬು ಮಬ್ಬಾದ ಮಾತು, ಪಾಂಪ್ಲೆಟ್ಟಲ್ಲಿ ಕಮಲದ ಹೂವಿನ ಪಕ್ಕ ಹಾಕೋ ಪದ ಅಂತ ನಾನು ತಿಳ್ಕೊಂಡಿದ್ದೆ. ಈ ಹೆಂಗಸು ಒಂದೊಂದು ಬೆರಳಗಲಕ್ಕೂ ಒದ್ದಾಡೋದು ನೋಡಿ ಆ ಅಭಿಪ್ರಾಯ ಸ್ವಲ್ಪ ಅಲ್ಲಾಡ್ತು.

ಮೈಮೇಲೆ ಇಂಥಾ ಜಾಗಗಳು 361 ಅಂತ ಲೆಕ್ಕ. ಹಾಗಂತ ಎಲ್ರೂ ಒಪ್ಕೊಂಡಿದ್ರು ಅಂದ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಚೀನಾ ಜಪಾನ್ ಕೊರಿಯಾದೋರನ್ನ ಕೂರಿಸಿ ಎಲ್ಲೆಲ್ಲಿವೆ ಅಂತ ತೀರ್ಮಾನ ಮಾಡೋಣ ಅಂದಾಗ 92 ಜಾಗಗಳ ಬಗ್ಗೆ ಜಗಳ ಇತ್ತು, ವರ್ಷಗಟ್ಟಲೆ ಕೂತು ಬಗೆಹರಿಸಿ 2008ರಲ್ಲಿ ಪುಸ್ತಕ ಹೊರಬಂತು. ಸಾವಿರ ವರ್ಷದ ಹಿಂದೆ ಸಾಂಗ್ ರಾಜರ ಕಾಲದಲ್ಲಿ, 1027ರಲ್ಲಿ, ಆಸ್ಥಾನ ವೈದ್ಯ ವಾಂಗ್ ವೇಯ್‌ಯಿ ಕಂಚಿನ ಆಳೆತ್ತರದ ಬೊಂಬೆ ಮಾಡಿಸಿದ್ದ, ಮೈಯೆಲ್ಲಾ ತೂತು, ಮೇಲೆ ಮೇಣ ಮೆತ್ತಿ ಒಳಗೆ ನೀರು ತುಂಬೋರು, ವಿದ್ಯಾರ್ಥಿ ಸರಿಯಾದ ಜಾಗಕ್ಕೆ ಚುಚ್ಚಿದ್ರೆ ನೀರು ಚಿಮ್ಮಬೇಕು, ಇಲ್ಲಾಂದ್ರೆ ಫೇಲು. ನಿಮಗೂ ಹಾಗೇ ಪರೀಕ್ಷೆ ಇತ್ತಾ ಅಂತ ಮೇಡಂನ ಕೇಳಿದೆ. "ನಾವು ಒಬ್ಬರಿಗೊಬ್ಬರು ಚುಚ್ಕೊಂಡು ಕಲಿತಿದ್ದು," ಅಂತ ಮುಂಗೈ ತೋರಿಸಿದ್ರು.

ಭುಜಕ್ಕೆ ಸೂಜಿ ಹಾಕಿದ್ದು ಕಾಲಿಗೆ, ಅದೂ ಎಡಗಾಲಿಗೆ. ಮೊಣಕಾಲಿಗೂ ಪಾದದ ಗಿಣ್ಣಿಗೂ ನಟ್ಟನಡುವೆ, ಮುಂದಿನ ಮೂಳೆಯಿಂದ ಒಂದು ಬೆರಳು ಆಚೆ, ತಿಯಾವ್‌ಕೌ ಅಂತ ಆ ಜಾಗದ ಹೆಸರು. ಉದ್ದದ ಸೂಜಿ ಇಳಿಸಿ ತಿರುವ್ತಾ ತಿರುವ್ತಾ "ಬಂತಾ? ಬಂತಾ?" ಅಂತ ಕೇಳೋರು. ನಮ್ಮೂರ ಜಾತ್ರೇಲಿ ದೇವರು ಮೈಮೇಲೆ ಬರೋಕೆ ಮುಂಚೆ ಹೀಗೇ ಕೇಳ್ತಾರೆ, ನನಗೆ ನಗು ತಡೆಯಕ್ಕಾಗ್ಲಿಲ್ಲ. ಬರಬೇಕಾಗಿದ್ದು ಚೀ, ಅವ್ರ ಪ್ರಕಾರ ಮೈಯಲ್ಲಿ ಹರಿಯೋ ಪ್ರಾಣಶಕ್ತಿ. ಅದು ಬಂದಾಗ ನಾಲ್ಕರಲ್ಲಿ ಒಂದು ಥರ ಅನ್ಸುತ್ತಂತೆ, ಮಂದ ನೋವು, ಜೋಮು, ಬಿಗಿತ, ಭಾರ. ನನಗೆ ಬಂದಿದ್ದು ಜೋಮು, ಕಾಲಿಂದ ಪಾದದ ಮೇಲ್ಭಾಗಕ್ಕೆ ಜುಮ್ ಅಂತ ಇಳೀತು. "ಈಗ ಕೈ ಎತ್ತು." ಎತ್ತಿದೆ. ಕಿವಿ ದಾಟ್ತು. "ಇನ್ನೂ." ನೋವಿತ್ತು, ಆದ್ರೂ ಹೋಯ್ತು, ಸುಮಾರು ನಾಲ್ಕು ಬೆರಳು ಮೇಲೆ. ನಾನು ಬೆಪ್ಪಾಗಿ ನನ್ನ ಕೈಯನ್ನೇ ನೋಡ್ತಾ ಕೂತೆ, ಕಣ್ಣಲ್ಲಿ ನೀರೂ ಬಂತು ಅಂತ ಒಪ್ಕೊಂಡ್ಬಿಡ್ತೀನಿ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಆ ನಾಲ್ಕರಲ್ಲಿ ಎರಡು ಬೆರಳು ವಾಪಸ್ ಹೋಗಿತ್ತು. ಆ ಕಥೆ ಹಾಗೇ ನಡೀತು ತಿಂಗಳುಗಟ್ಟಲೆ, ಬಾವಿಯಿಂದ ಕಪ್ಪೆ ಹತ್ತಿದ ಲೆಕ್ಕದ ಥರ, ಮೇಲೆ ನಾಲ್ಕು ಕೆಳಗೆ ಮೂರು.

ವಾರಕ್ಕೆರಡು ಸಲ, ಹತ್ತು ಸಲಕ್ಕೆ ಒಂದು ಸುತ್ತು. ಹದಿನೈದು ಇಪ್ಪತ್ತು ಸೂಜಿ ಹಾಕಿ, ಮೇಲೆ ಒಂದು ಕೆಂಪು ಬಿಸಿ ದೀಪ ತಿರುಗಿಸಿ, ಪರದೆ ಎಳೆದು ಅರ್ಧ ಗಂಟೆ ಬಿಟ್ಟು ಹೋಗೋರು. ಅಲುಗಾಡೋ ಹಾಗಿಲ್ಲ, ಫೋನ್ ಮುಟ್ಟೋ ಹಾಗಿಲ್ಲ. ಪಕ್ಕದ ಪರದೆ ಹಿಂದೆ ಯಾರೋ ಅಂಕಲ್ ಗೊರಕೆ. ಐವತ್ತೊಂದು ವರ್ಷದಲ್ಲಿ ಹಗಲು ಹೊತ್ತು ಅರ್ಧ ಗಂಟೆ ಸುಮ್ಮನೆ ಮಲಗಿದ್ದು ಬಾಣಂತನ ಬಿಟ್ರೆ ಇದೇ ಇರಬೇಕು. ವಾಸಿಯಾಗಿದ್ದು ಸೂಜಿಯಿಂದಾನೋ ಈ ಅರ್ಧ ಗಂಟೆಯಿಂದಾನೋ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ಒಂದು ದಿನ ಒಂದು ಕಡ್ಡಿ ಹಚ್ಚಿ ಭುಜದ ಹತ್ರ ಹಿಡಿದ್ರು, ಹೊಗೆ ಮೂಗಿಗೆ ಬಡಿದಿದ್ದೇ ನನಗೆ ಗಾಬರಿ, ಇದು ಗಾಂಜಾ ವಾಸನೆ ಅಲ್ವಾ, ಅದೂ ಸಿಂಗಪುರದಲ್ಲಿ! ಆಮೇಲೆ ಮೂಗು ಬೇರೆ ಏನೋ ಹೇಳಕ್ಕೆ ಶುರು ಮಾಡ್ತು. ಗೌರಿ ಗಣೇಶ ಹಬ್ಬದ ಪತ್ರೆ ಬುಟ್ಟಿ. ಗಣಪತಿಗೆ ಇಪ್ಪತ್ತೊಂದು ಪತ್ರೆ ಏರಿಸ್ತೀವಲ್ಲ, ಅದರಲ್ಲಿ ಮೊದಲನೇದು ಮಾಚಿಪತ್ರೆ. ಕೇಳಿದ್ರೆ ಈ ಕಡ್ಡೀಲಿರೋದು ಅದರ ಚೀನೀ ತಂಗಿ, ಎಲೆ ಒಣಗಿಸಿ ಕುಟ್ಟಿ ಅರಳೆ ಥರ ಮಾಡಿ ಸುತ್ತಿರೋದು. ನಮ್ಮ ದವನಾನೂ ಅದೇ ಕುಲ. 2015ರಲ್ಲಿ ನೊಬೆಲ್ ತಗೊಂಡ ತು ಯೂಯೂ ಮಲೇರಿಯಾ ಔಷಧಿ ತೆಗೆದಿದ್ದೂ ಆ ಕುಲದ ಇನ್ನೊಂದು ಗಿಡದಿಂದ. ಆ ಕಥೆ ಗೊತ್ತಿದ್ದೋರು ಕಮ್ಮಿ, ನಾಲ್ಕನೇ ಶತಮಾನದ ಗ ಹೊಂಗ್ ಅನ್ನೋನ ಗ್ರಂಥದಲ್ಲಿ ಒಂದು ಹಿಡಿ ಸೊಪ್ಪನ್ನ ನೀರಲ್ಲಿ ನೆನೆಸಿ ಹಿಂಡಿ ರಸ ಕುಡೀರಿ ಅಂತಿತ್ತು. ಹಿಂಡಿ ಅಂದ, ಕುದಿಸಿ ಅನ್ಲಿಲ್ಲ. ಬಿಸಿ ಮಾಡಿದ್ರೆ ಸತ್ವ ಹೋಗ್ತಿರಬಹುದು ಅಂತ ಆಕೆಗೆ ಹೊಳೆದಿದ್ದು ಅಲ್ಲೇ, ಆಮೇಲೆ ಕಡಿಮೆ ಶಾಖದಲ್ಲಿ ಈಥರ್ ಹಾಕಿ ತೆಗೆದ್ರು, 1971ರಲ್ಲಿ ಫಲ ಸಿಕ್ತು. ಇದನ್ನ ಹಿಡ್ಕೊಂಡು "ನೋಡಿ, ಹಳೇ ಔಷಧಿಯೆಲ್ಲಾ ನಿಜ" ಅಂತ ವಾಟ್ಸಾಪಲ್ಲಿ ತಳ್ಳೋರಿದ್ದಾರೆ. ಹಾಗಲ್ಲ. ಅವ್ರ ತಂಡ ಹಳೇ ಗ್ರಂಥಗಳಿಂದ ನೂರಾರು ಗಿಡ ಪರೀಕ್ಷೆ ಮಾಡಿತ್ತು, ಮಿಕ್ಕಿದ್ದು ಹೆಚ್ಚೂಕಮ್ಮಿ ಎಲ್ಲಾ ಫೇಲಾಗಿತ್ತು.

ಮನೇಲಿ ನನ್ನ ವಿರೋಧ ಪಕ್ಷ ಅಂದ್ರೆ ಮಗ. ಸ್ಟ್ಯಾಟಿಸ್ಟಿಕ್ಸ್ ಓದ್ತಾನೆ. "ಅಮ್ಮ, ನಿನ್ನ ಭುಜ ಒಂದೇ ಒಂದು ಡೇಟಾ ಪಾಯಿಂಟು, ಅದೂ ತಾನಾಗೇ ವಾಸಿಯಾಗೋ ಕಾಯಿಲೆ," ಅಂತ ಶುರು ಹಚ್ಕೊಂಡು ಒಂದು ಭಾನುವಾರ ಜರ್ಮನಿಯೋರ ಅಧ್ಯಯನ ತೆಗೆದು ತೋರಿಸ್ದ. ಬೆನ್ನು ನೋವಿನ 1162 ಜನ, 2007ರಲ್ಲಿ ಪ್ರಕಟವಾಗಿದ್ದು. ನಿಜವಾದ ಜಾಗಕ್ಕೆ ಸೂಜಿ ಹಾಕಿಸಿಕೊಂಡೋರಲ್ಲಿ ಶೇಕಡಾ 47.6 ಜನಕ್ಕೆ ಗುಣ ಕಾಣ್ತು, ಸುಮ್ನೆ ಎಲ್ಲೋ ಮೇಲೆಮೇಲೆ ಚುಚ್ಚಿಸಿಕೊಂಡೋರಲ್ಲಿ 44.2, ಮಾತ್ರೆ ವ್ಯಾಯಾಮ ಮಾಡಿದೋರಲ್ಲಿ 27.4. ಅಂದ್ರೆ ಸೂಜಿ ಮಾತ್ರೆಗಿಂತ ಮೇಲು, ಆದ್ರೆ ಎಲ್ಲಿ ಚುಚ್ಚಿದ್ರೂ ಹೆಚ್ಚೂಕಮ್ಮಿ ಅಷ್ಟೇ! ಹಾಗಾದ್ರೆ ಬೆರಳಿಟ್ಟು ಅಳೆದಿದ್ದು? ನಾನೂ ಬಿಡ್ಲಿಲ್ಲ, ಮೂರು ದಿನ ಹುಡುಕಿ ಜರ್ಮನಿಯೋರದ್ದೇ ಇನ್ನೊಂದು ತೆಗೆದೆ, 2010ರದ್ದು, ಭುಜದ ನೋವಿನ 424 ಜನ. ಅಲ್ಲಿ ನಿಜವಾದ ಸೂಜಿಗೆ 65, ಸುಳ್ಳು ಸೂಜಿಗೆ 24, ಮಾಮೂಲಿ ಚಿಕಿತ್ಸೆಗೆ 37. ಮಗ ಓದಿ ನೋಡಿ "ಸೂಜಿ ಹಾಕೋ ಡಾಕ್ಟ್ರಿಗೆ ಯಾವುದು ನಿಜ ಯಾವುದು ಸುಳ್ಳು ಅಂತ ಗೊತ್ತಿತ್ತಲ್ಲಮ್ಮ, ಅವ್ರ ಮುಖ ನೋಡೇ ಪೇಷೆಂಟಿಗೆ ಗೊತ್ತಾಗಿರುತ್ತೆ" ಅಂದ. ಅದೂ ಸರೀನೇ. ಮಾತ್ರೆಯಾದ್ರೆ ಒಳಗೆ ಸಕ್ಕರೆ ತುಂಬಿ ಇಬ್ಬರಿಗೂ ಮೋಸ ಮಾಡಬಹುದು, ಸೂಜಿ ಹಿಡಿದ ಕೈಗೆ ಮೋಸ ಮಾಡೋದು ಕಷ್ಟ.

ಸೂಜಿ ಚಿಕಿತ್ಸೆ ಐದು ಸಾವಿರ ವರ್ಷ ಹಳೇದು ಅಂತ ಜನ ಹೇಳೋ ಮಾತನ್ನೂ ನಾನೀಗ ನಂಬಲ್ಲ. 1973ರಲ್ಲಿ ಚೀನಾದ ಮಾವಾಂಗ್‌ದುಯಿ ಅನ್ನೋ ಕಡೆ ಒಂದು ಸಮಾಧಿ ಅಗೆದಾಗ ರೇಷ್ಮೆ ಮೇಲೆ ಬರೆದ ವೈದ್ಯ ಗ್ರಂಥ ಸಿಕ್ವು, ಕ್ರಿಸ್ತಪೂರ್ವ 168ರಲ್ಲಿ ಹೂತಿದ್ದು. ಅದರಲ್ಲಿ ಮೈಯೊಳಗಿನ ನಾಳಗಳ ವಿವರ ಇದೆ, ಸೊಪ್ಪು ಸುಟ್ಟು ಶಾಖ ಕೊಡೋದು ಇದೆ, ಸೂಜಿ ಮಾತೇ ಇಲ್ಲ. ಮತ್ತೆ ಚೀನಾದೋರೇ ಇದನ್ನ ತಲೆ ಮೇಲೆ ಹೊತ್ಕೊಂಡು ಮೆರೆಸಿದ್ರು ಅನ್ನೋದೂ ಸುಳ್ಳು. 1822ರಲ್ಲಿ ಚಕ್ರವರ್ತೀನೇ ಆಸ್ಥಾನದ ವೈದ್ಯಶಾಲೆಯಿಂದ ಸೂಜಿನ ಹೊರಗೆ ಹಾಕ್ದ, 1929ರಲ್ಲಿ ಸರ್ಕಾರ ಹಳೇ ವೈದ್ಯಾನ ಪೂರ್ತಿ ತೆಗೆದ್ಹಾಕೋ ಪ್ರಸ್ತಾಪ ತಂತು, ವೈದ್ಯರೆಲ್ಲಾ ಶಾಂಘೈಲಿ ಸೇರಿ ಗಲಾಟೆ ಮಾಡಿ ನಿಲ್ಲಿಸಿದ್ರು. ಇವತ್ತು ನಾವು ನೋಡೋ ಕಾಲೇಜು, ಸಿಲಬಸ್ಸು, ಒಂದೇ ಅಚ್ಚಿನ ಪಾಠ, ಇದೆಲ್ಲಾ 1950ರ ದಶಕದಲ್ಲಿ ಮಾವೋ ಸರ್ಕಾರ ಕೂತು ಕಟ್ಟಿದ್ದು. ಕೋಟಿಗಟ್ಟಲೆ ಜನ, ಕೈಬೆರಳಷ್ಟು ಡಾಕ್ಟ್ರು, ಇದ್ದಬದ್ದ ವೈದ್ಯರನ್ನೆಲ್ಲಾ ಉಪಯೋಗಿಸದೆ ಬೇರೆ ದಾರಿ ಇರ್ಲಿಲ್ಲ.

ಇದನ್ನೆಲ್ಲಾ ಮೇಡಂ ಮುಂದೆ ಹೇಳಿದ್ರೆ ಸಿಟ್ಟಾಗ್ತಾರೆ ಅಂದ್ಕೊಂಡಿದ್ದೆ. ಆಗ್ಲಿಲ್ಲ. ಅವ್ರ ಹತ್ರ ಔಷಧಿ ಪುಡಿ ಬೇಡ ಅಂದಾಗ್ಲೂ ಆಗ್ಲಿಲ್ಲ. ಅದು ನಾನು ಹಠ ಹಿಡಿದ ವಿಷಯ. ಬ್ರಸೆಲ್ಸಲ್ಲಿ ತೂಕ ಇಳಿಸೋ ಕ್ಲಿನಿಕ್ಕಲ್ಲಿ ಚೀನೀ ಗಿಡಮೂಲಿಕೆ ತಗೊಂಡ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಗಿದ್ದು 1993ರಲ್ಲಿ ಬಯಲಾಯ್ತು. ಫಾಂಗ್‌ಜಿ ಅನ್ನೋ ಹೆಸರಲ್ಲಿ ಎರಡು ಬೇರು, ಒಂದರ ಬದಲು ಇನ್ನೊಂದು ಹೋಗ್ಬಿಟ್ಟಿತ್ತು, ಆ ಇನ್ನೊಂದು ನಮ್ಮ ಈಶ್ವರಿ ಬಳ್ಳಿಯ ಬಳಗ. ಹಾವು ಕಚ್ಚಿದ್ರೆ ಅಂತ ನಮ್ಮ ಕಡೆ ಈಶ್ವರಿ ಬೇರು ತೇಯ್ದು ಕೊಡ್ತಾರಲ್ಲ, ಅದರಲ್ಲೂ ಅದೇ ವಿಷ ಇದೆ. ಮೇಡಂ ತಲೆ ಆಡಿಸಿದ್ರು, "ಬೇಡಾಂದ್ರೆ ಬೇಡ, ಸೂಜಿ ಸಾಕು." ಸೂಜೀಲೂ ಅಪಾಯ ಇಲ್ಲ ಅಂತಲ್ಲ. ಕುತ್ತಿಗೆಗೂ ಭುಜದ ತುದಿಗೂ ನಡುವೆ ಒಂದು ಜಾಗ ಇದೆ, ಅಲ್ಲಿ ನೆಟ್ಟಗೆ ಆಳಕ್ಕೆ ಇಳಿಸಿದ್ರೆ ಶ್ವಾಸಕೋಶದ ತುದಿಗೇ ತಗುಲಬಹುದು. ಮೇಡಂ ಅಲ್ಲಿ ಮಾಂಸವನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು ಓರೆಯಾಗಿ ಹಾಕೋರು, ಅವತ್ತು ಮಾತ್ರ ಮಾತೇ ಆಡ್ತಿರ್ಲಿಲ್ಲ.

ನಾನು ಇಂಡಿಯಾ ಅಂತ ಗೊತ್ತಿತ್ತು ಅವ್ರಿಗೆ, ಒಂದು ದಿನ ಸೂಜಿ ತೆಗೀತಾ ತೆಗೀತಾ "ಕ ದಿಹುವಾ ಗೊತ್ತಾ ನಿಂಗೆ?" ಅಂದ್ರು. ಯಾರೋ ಚೀನೀ ಸಿನಿಮಾದೋರು ಅಂದ್ಕೊಂಡೆ. "ಇಂಡಿಯನ್ ಡಾಕ್ಟರ್! ನಮ್ಮೂರಲ್ಲೇ ಇರೋದು ಅವ್ರ ಸಮಾಧಿ." ಅವ್ರ ಊರು ಹಬೇ ಪ್ರಾಂತ್ಯದ ಶಿಜಿಯಾಝುವಾಂಗ್. ಹೇಳ್ತಿದ್ದಿದ್ದು ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಬಗ್ಗೆ. ನಮ್ಮ ಗಡಿ ಆಚೆಯ ಸೊಲ್ಲಾಪುರದೋರು, ಮರಾಠಿ ಜೊತೆ ಕನ್ನಡಾನೂ ಬೀದೀಲಿ ಓಡಾಡೋ ಊರು ಅದು. 1938ರಲ್ಲಿ ಜಪಾನ್ ಜೊತೆ ಯುದ್ಧ ನಡೀತಿದ್ದಾಗ ಕಾಂಗ್ರೆಸ್ಸು ಚೀನಾಕ್ಕೆ ಐದು ಜನ ಡಾಕ್ಟ್ರನ್ನ ಕಳಿಸಿತ್ತು, ಅವ್ರೆಲ್ಲಾ ತಮ್ಮ ಹೆಸರಿನ ಕೊನೆಗೆ ಹುವಾ ಅಂತ ಸೇರಿಸ್ಕೊಂಡ್ರು, ಹುವಾ ಅಂದ್ರೆ ಚೀನಾ. ಕೋಟ್ನಿಸ್ ಅಲ್ಲೇ ಮದುವೆ ಆಗಿ ಅಲ್ಲೇ 1942ರ ಡಿಸೆಂಬರಲ್ಲಿ ತೀರ್ಕೊಂಡ್ರು, ಮೂವತ್ತೆರಡು ವರ್ಷಕ್ಕೆ. ಐವರಲ್ಲಿ ಇನ್ನೊಬ್ರು, ಬಿಜಯ್ ಕುಮಾರ್ ಬಸು, 1950ರ ದಶಕದ ಕೊನೇಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಕಲ್ಕತ್ತಕ್ಕೆ ತಂದ್ರು, ನಮ್ಮ ದೇಶಕ್ಕೆ ಅಕ್ಯುಪಂಕ್ಚರ್ ಕಾಲಿಟ್ಟಿದ್ದೇ ಹಾಗೆ. ಮೇಡಂ ಸ್ಕೂಲಲ್ಲಿದ್ದಾಗ ಪ್ರತಿ ವರ್ಷ ಪಿತೃಗಳ ಹಬ್ಬದ ದಿನ ಸಾಲಾಗಿ ನಿಲ್ಲಿಸಿ ಕರ್ಕೊಂಡು ಹೋಗಿ ಆ ಸಮಾಧಿಗೆ ಹೂವು ಹಾಕಿಸ್ತಿದ್ರಂತೆ. "ನಾನು ನೋಡಿದ ಮೊದಲ ಇಂಡಿಯನ್ ಮುಖ, ಕಲ್ಲಿಂದು," ಅಂದ್ರು.

ನಮ್ಮಿಬ್ಬರಿಗೂ ಒಂದೇ ಒಂದು ಸಲ ಮುನಿಸಾಗಿದ್ದು. ಆರೇಳನೇ ವಾರ ಇರಬೇಕು, ನಾಡಿ ಹಿಡಿದೋರು "ಲಿವರ್ ಬಿಗಿ. ಯಾರ ಮೇಲೆ ಸಿಟ್ಟು?" ಅಂದ್ರು. ಯಾರ ಮೇಲೂ ಇಲ್ಲ ಅಂದೆ. ಸುಳ್ಳು. ಊರಲ್ಲಿ ತೆಂಗಿನ ತೋಟದ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ವರ್ಷ ಆಗಿತ್ತು. ಅವ್ರ ಪ್ರಕಾರ ಸಿಟ್ಟು ಲಿವರ್ರಿಗೆ, ದುಃಖ ಶ್ವಾಸಕೋಶಕ್ಕೆ, ಭಯ ಕಿಡ್ನಿಗೆ, ಚಿಂತೆ ಸ್ಪ್ಲೀನಿಗೆ. "ಸಿಟ್ಟು ನುಂಗಿದ್ರೆ ಭುಜ ಬಿಡಲ್ಲ" ಅಂದ್ರು, ನನಗೆ ಉರಿದುಹೋಯ್ತು. ಸಕ್ಕರೆ ಬಂದಿದ್ದಕ್ಕೆ ಅಪ್ಪನ ಕಡೆ ರಕ್ತ ಕಾರಣ ಅಂತ ಹೇಳಿದ್ರೆ ಒಪ್ಕೊಳ್ತೀನಿ, ಭುಜಕ್ಕೂ ನನ್ನ ಸ್ವಭಾವಕ್ಕೂ ಗಂಟು ಹಾಕೋದು ಅನ್ಯಾಯ ಅಲ್ವಾ? ಎಲ್ಲಾ ಒಂದಕ್ಕೊಂದು ಸೇರ್ಕೊಂಡಿದೆ ಅನ್ನೋ ಮಾತಿಗೆ ಇದೊಂದು ಕೆಟ್ಟ ಬಾಲ, ಕೊನೆಗೆ ಎಲ್ಲಾ ನಿನ್ನದೇ ತಪ್ಪು ಅಂತ ಬಂದು ನಿಲ್ಲುತ್ತೆ. ಕ್ಯಾನ್ಸರ್ ಬಂದೋರಿಗೂ ಹೀಗೆ ಹೇಳೋ ಜನ ಇದ್ದಾರೆ. ಎರಡು ವಾರ ಹೋಗ್ಲಿಲ್ಲ.

ಆ ಎರಡು ವಾರದಲ್ಲಿ ತಲೇಲಿ ಸುತ್ತುತಾ ಇದ್ದಿದ್ದು ಅವ್ರ ಮಾತಲ್ಲ, ನಮ್ಮ ಭಾಷೆ. ಸಿಟ್ಟು ಬಂದ್ರೆ ನಾವೂ ಪಿತ್ತ ನೆತ್ತಿಗೇರಿತು ಅಂತೀವಿ. ಪಿತ್ತ ಹುಟ್ಟೋದು ಲಿವರ್ರಲ್ಲೇ ತಾನೇ. ಚೀನೀಯರು ಲಿವರ್ರಿನ ಬೆಂಕಿ ಮೇಲಕ್ಕೇರೋದು ಅಂತಾರೆ, ತಲೆನೋವು ಕೆಂಪು ಕಣ್ಣು ಅದರಿಂದ. ಅಸೂಯೆ ಅಂದ್ರೆ ಹೊಟ್ಟೆಕಿಚ್ಚು, ಕನಿಕರ ಅಂದ್ರೆ ಕರುಳು ಚುರುಕ್ ಅನ್ನೋದು, ಕ್ಷಮಿಸೋದು ಅಂದ್ರೆ ಹೊಟ್ಟೆಗೆ ಹಾಕ್ಕೊಳೋದು. ಕುತ್ತಿಗೆ ಹಿಂದೆ ಫೆಂಗ್‌ಚಿ ಅಂತ ಎರಡು ಜಾಗ, ಅಂದ್ರೆ ಗಾಳಿಯ ಕೊಳ, ಶೀತಗಾಳಿ ಅಲ್ಲಿಂದಲೇ ಒಳಗೆ ಹೋಗೋದು ಅಂತೆ. ಅಮ್ಮ ಇವತ್ತಿಗೂ ಸಂಜೆ ಆದ್ರೆ ತಲೆಗೆ ಬಟ್ಟೆ ಕಟ್ಕೋ, ಕಿವಿಗೆ ಗಾಳಿ ಹೋಗುತ್ತೆ ಅಂತಾಳೆ. ಇಲ್ಲಿಯೋರು ಡ್ಯೂರಿಯನ್ ತಿಂದ್ರೆ ಹೀಟಿ, ಬಾರ್ಲಿ ನೀರು ಕೂಲಿಂಗ್ ಅಂತ ಇಂಗ್ಲಿಷಲ್ಲೇ ಹೊಸ ಪದ ಮಾಡ್ಕೊಂಡಿದ್ದಾರೆ, ನಾವು ಪಪ್ಪಾಯಿ ಉಷ್ಣ ಎಳನೀರು ತಂಪು ಅಂದ ಹಾಗೆ. ಇದು ವಿಜ್ಞಾನ ಅಂತ ನಾನು ಹೇಳ್ತಿಲ್ಲ. ಆದ್ರೆ ಮೇಡಂ ಮಾತನ್ನ ಮೂಢನಂಬಿಕೆ ಅಂತ ಬೈದ ಬಾಯಲ್ಲೇ ದಿನಕ್ಕೆ ಹತ್ತು ಸಲ ಅದನ್ನೇ ಆಡ್ತಾ ಇದ್ದೀನಲ್ಲ ಅಂತ ನಾಚಿಕೆ ಆಯ್ತು. ವಾಪಸ್ ಹೋದೆ. ಸಿಟ್ಟಿನ ವಿಷಯ ಅವ್ರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಣ್ಣನಿಗೆ ಇನ್ನೂ ಫೋನ್ ಮಾಡಿಲ್ಲ.

ಈಗ ಹದಿನಾಲ್ಕು ತಿಂಗಳಾಯ್ತು. ಜಡೆ ಹಾಕ್ಕೊಳ್ತೀನಿ, ಹುಕ್ಕು ಹಾಕ್ಕೊಳ್ತೀನಿ, ಸಾರಿನಪುಡಿ ಡಬ್ಬ ಮಾತ್ರ ಕೆಳಗಿನ ಶೆಲ್ಫಲ್ಲೇ ಉಳ್ಕೊಂಡಿದೆ. ಸೂಜಿಯಿಂದಾನಾ, ಫಿಸಿಯೋದವ್ರು ಹೇಳಿಕೊಟ್ಟ ಗೋಡೆ ಹತ್ತೋ ವ್ಯಾಯಾಮದಿಂದಾನಾ, ಸಕ್ಕರೆ ಮಾತ್ರೆಯಿಂದ 7.1 ಇದ್ದಿದ್ದು 6.2ಕ್ಕೆ ಇಳಿದಿದ್ದರಿಂದಾನಾ, ಮೂಳೆ ಡಾಕ್ಟ್ರು ಹೇಳಿದ ಹಾಗೆ ತಾನಾಗೇ ಬಿಟ್ಕೊಂಡಿದ್ದಾ? ಮಗನ್ನ ಕೇಳಿದ್ರೆ ಗೊತ್ತಲ್ಲ ಏನಂತಾನೆ ಅಂತ. ರಾತ್ರಿ ಬಾಯಾರಿಕೆ ನಿಂತಿದೆ, ಅದಕ್ಕೆ ಯಾರು ಕಾರಣ ಅಂತ ಮಾತ್ರ ಗೊತ್ತು, ಆ ಹರಿದ ಚೀಟಿ ಇನ್ನೂ ಪರ್ಸಲ್ಲಿದೆ.

ಹೋದ ವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ ಎರಡೂ ಕೈ ತಲೆ ಮೇಲೆತ್ತಿ ತೋರಿಸಿದೆ. ಅಮ್ಮಂಗೆ ಮಂಡಿ ನೋವು, ತಿಪಟೂರಿಂದ ಕದಲೋ ಹಾಗಿಲ್ಲ. "ಆ ಚೀನಾದೋಳ ಕೈಲಿ ನನ್ನ ಮಂಡಿಗೂ ಏನಾದ್ರೂ ಕೇಳೇ, ಫೋನಲ್ಲೇ ಹೇಳ್ತಾಳೇನೋ" ಅಂದ್ಲು. ಮರುದಿನ ಮೇಡಂನ ಕೇಳಿದೆ. ಫೋನಲ್ಲಿ ನಾಡಿ ಸಿಗಲ್ಲ, ನಾಲಿಗೆಯಾದ್ರೂ ನೋಡೋಣ, ಬೆಳಗಿನ ಬೆಳಕಲ್ಲಿ ಫೋಟೋ ತೆಗೆದು ಕಳಿಸ್ಲಿ, ಅವತ್ತೊಂದು ದಿನ ಹೆರೆಯೋದು ಬೇಡ ಕಾಫಿ ಬೇಡ ಅಂದ್ರು. ಅಮ್ಮಂಗೆ ಹೇಳಿದ್ರೆ ಫೋನ್ ಪರದೆ ತುಂಬಾ ಅವಳ ಮುಖ, ಕಣ್ಣು ದೊಡ್ಡದು ಮಾಡಿ ನೋಡ್ತಿದ್ದಾಳೆ.

"ನಾಲಿಗೆ ಹೆರೆಯದೇನೇ ಇರಬೇಕಾ? ಥೂ, ಮಂಡಿ ಹೋದ್ರೆ ಹೋಗ್ಲಿ ಬಿಡೇ."